ಸೀಗೆಬಂಡೆಯ ಅರ್ಧ ಕರೆಂಟು

ನಾಲ್ಕನೇ ಯಂತ್ರದ ಸ್ವಿಚ್ ಒತ್ತಿದ್ದೇ ತಡ, ರೇಷ್ಮೆ ಶೆಡ್ಡೆಲ್ಲ ಗಪ್‌ಚಿಪ್! ಗೋಡೆಯ ಡಬ್ಬದಲ್ಲಿ ಕೆಂಪು ದೀಪ. ಪರದೆಯ ಮೇಲೆ ಒಂದೇ ದೂರು — ಎಂಟು ಯಂತ್ರಗಳಷ್ಟು ಕರೆಂಟು ಹೋಗುತ್ತಿದೆ.

ಎಂಟು? ಶೆಡ್ಡಿನಲ್ಲಿ ಇರುವುದೇ ಆರು. ಹಾಗಾದರೆ ಉಳಿದ ಕರೆಂಟು ನುಂಗಿದವರು ಯಾರು?

ಇದು ಆಯುಧಪೂಜೆಯ ಮಾರನೇ ಬೆಳಿಗ್ಗೆಯ ಮಾತು. ಕನಕಪುರದಾಚೆ, ಕಾಡಂಚಿನ ಸೀಗೆಬಂಡೆಗೆ ಹೊರಗಿನ ತಂತಿಯೇ ಬಂದಿಲ್ಲ. ಬಂಡೆಯ ಮೇಲೆ ಸೋಲಾರ್ ಹಲಗೆ, ಶೆಡ್ಡಿನಲ್ಲಿ ಬ್ಯಾಟರಿ, ಬ್ಯಾಟರಿಯ ಕರೆಂಟನ್ನು ಯಂತ್ರಕ್ಕೆ ತಕ್ಕಂತೆ ಪಳಗಿಸಲು ಅಮೂಲ್ಯಳ ಡಬ್ಬ. ಚನ್ನಪಟ್ಟಣದ ಈ ಇಂಜಿನಿಯರ್ ಮೂರು ವರ್ಷ ಕೂತು ಆ ಡಬ್ಬಕ್ಕೆ ಮುಂದಾಲೋಚನೆ ಕಲಿಸಿದ್ದಳು. ಈ ಸ್ವಿಚ್ ಒತ್ತಿದರೆ ಮುಂದಿನ ಗಳಿಗೆ ಏನಾದೀತು? ಆ ಸ್ವಿಚ್ ಒತ್ತಿದರೆ? — ಹೀಗೆ ಸೆಕೆಂಡಿಗೆ ಸಾವಿರಾರು ಸಲ ತನ್ನನ್ನೇ ಕೇಳಿಕೊಂಡು, ಒಳ್ಳೆಯದನ್ನು ಆರಿಸಿ ಒತ್ತುವ ಜಾಣ ಡಬ್ಬ ಅದು. ಭಾರ ಹೆಚ್ಚಾಗುತ್ತದೆ ಅನ್ನಿಸಿದರೆ, ಆಗುವ ಮೊದಲೇ ಎಲ್ಲ ನಿಲ್ಲಿಸಿಬಿಡುತ್ತದೆ.

ಮೂರನೇ ದಿನಕ್ಕೆ ಊರವರು ಕಳ್ಳನನ್ನೂ ಗೊತ್ತು ಮಾಡಿದ್ದರು. ಶೆಡ್ಡಿನ ಪಕ್ಕದಲ್ಲೇ ಕರೆಂಟು ಆಟೋ ಚಾರ್ಜ್ ಮಾಡುವ ಬಾಲರಾಜು!

"ಸಂಜೆಯೊಳಗೆ ಅವನ ಲೈನ್ ಕಿತ್ತಾಕಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಶೆಡ್ಡಿನ ಯಜಮಾನಿ ಕೆಂಚಮ್ಮ. ರಾಮನಗರದಲ್ಲಿ ಇಪ್ಪತ್ತು ವರ್ಷ ರೇಷ್ಮೆ ನೂಲು ತೆಗೆದು ಬಂದ ಗಟ್ಟಿಗಿತ್ತಿ.

"ನಾನು ಆವತ್ತು ಚಾರ್ಜಿಗೇ ಹಾಕಿರ್ಲಿಲ್ಲ ಕಣಕ್ಕಾ!" ಬಾಲರಾಜು ಆಟೋಗೆ ಅಡ್ಡ ನಿಂತ. "ಲೈನ್ ಕಿತ್ರೆ ನನ್ನ ಆಟೋ ನಿಂತೋಯ್ತದೆ, ನಾನೂ ನಿಂತೋಯ್ತೀನಿ."

ಅವನ ಮೇಲೆ ಸಾಕ್ಷಿ ಹೇಳುತ್ತಿರುವುದು ಅಮೂಲ್ಯಳದೇ ಡಬ್ಬ! ತಡೆಯಲಾರದೆ ಅವಳು ಮಾಗಡಿಯಿಂದ ಸೋದರಮಾವ ಅಂಕಯ್ಯನನ್ನು ಕರೆಸಿದಳು. ಮೂವತ್ತು ವರ್ಷ ಕರೆಂಟು ಮೀಟರ್ ಓದಿ, ತಂತಿಗೆ ಹಾಕಿದ ಕಳ್ಳ ಕೊಕ್ಕೆಗಳನ್ನು ವಾಸನೆಯಲ್ಲೇ ಹಿಡಿದ ಆಸಾಮಿ. ಬಂದವನು ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ಕಾಫಿ ಕುಡಿದ. ಆಟೋಗೆ ಕಟ್ಟಿದ್ದ ನಿಂಬೆಹಣ್ಣಿನ ದಾರವನ್ನು ಬಗ್ಗಿ ನೋಡಿದ.

"ಯಾರಪ್ಪಾ ಕಟ್ಟಿದ್ದು ಇದ?"

"ಕೆಂಚಮ್ಮಕ್ಕನೇ, ಪೂಜೆ ದಿನ. ಕೋಪ ಏನಿದ್ರೂ ಆಮೇಲೆ ಬಂದಿದ್ದು."

ಅಂಕಯ್ಯ ಒಳಗೆ ಬಂದು ಅಮೂಲ್ಯಳನ್ನು ಕೇಳಿದ. "ಕಳ್ಳತನ ಶುರುವಾದ ಮೇಲೆ ಬ್ಯಾಟರಿ ಬೇಗ ಬರಿದಾಗ್ತಾ ಐತಾ?"

ಅವಳು ಪರದೆಯಲ್ಲಿ ಹಳೇ ಲೆಕ್ಕ ತಿರುವಿದಳು. "ಇಲ್ಲ ಮಾವ... ಮೊದಲಿಗಿಂತ ಜಾಸ್ತೀನೇ ಉಳೀತಿದೆ!"

"ಅರ್ಧ ಕರೆಂಟು ಕದ್ರೂ ಗಡಿಗೆ ತುಂಬೇ ಐತೆ ಅನ್ನು! ಒಂದೇ ಯಂತ್ರ ಓಡಿಸಿದ್ರೆ ಡಬ್ಬ ಏನಂತದೆ?"

"ಎರಡು."

"ಮೂರಕ್ಕೆ?"

"ಆರು."

"ಯಾವುದೂ ಓಡದೆ ಇದ್ರೆ?"

"ಸೊನ್ನೆ."

"ನಾವು ರಜಾ ಮಾಡಿದ್ರೆ ಕಳ್ಳನೂ ರಜಾ! ಇಷ್ಟು ನಿಯತ್ತಿನ ಕಳ್ಳನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ ಕಣವ್ವ. ಕರೆಂಟು ಎಷ್ಟು ಹೋಯ್ತದೆ ಅಂತ ಡಬ್ಬಕ್ಕೆ ಹೇಳೋರು ಯಾರು?"

ಅಮೂಲ್ಯ ಡಬ್ಬದತ್ತ ಓಡಿದಳು. "ಉಂಗುರ! ತಂತಿಗೆ ಕಚ್ಚಿಸಿರೋ ಉಂಗುರ. ಅದೇ ಡಬ್ಬದ ಕಣ್ಣು."

ಡಬ್ಬ ಆಫ್ ಮಾಡಿ, ಕೆಳಗಿನ ಮುಚ್ಚಳ ತೆಗೆದಳು. ಉಂಗುರಕ್ಕೆ ಕುಂಕುಮದ ಬೊಟ್ಟು! ಒಂದೇ ಸಲ ಹಾದುಹೋಗಬೇಕಾದ ತಂತಿ, ಉಂಗುರದೊಳಗೆ ಇನ್ನೊಂದು ಸುತ್ತು ಬಂದು ಬಿಗಿಯಾಗಿ ಕೂತಿತ್ತು.

"ಅಯ್ಯೋ! ಒಬ್ಬನೇ ಮನುಷ್ಯ ಬಾಗಿಲಲ್ಲಿ ಎರಡು ಸಲ ಹಾದರೆ, ಎಣಿಸೋನು ಇಬ್ಬರು ಅಂತಾನೆ. ಉಂಗುರ ಎರಡರಷ್ಟು ಹೇಳ್ತು, ಡಬ್ಬ ನಂಬ್ತು. ಸುಳ್ಳು ನೋಟದಿಂದ ಮುಂದಿನದನ್ನ ಊಹಿಸಿ ಹೆದರಿ ನಿಲ್ಲಿಸ್ತು," ಎಂದಳು ಅಮೂಲ್ಯ. "ಮುಂದಿನದೆಲ್ಲ ಯೋಚಿಸೋಕೆ ಕಲಿಸಿದೆ. ಕಣ್ಣನ್ನೇ ಅನುಮಾನಿಸೋಕೆ ಕಲಿಸಲಿಲ್ಲ ಮಾವ."

"ಈಗ ಕಲಿಸು, ಅದಕ್ಕೇನು?" ಅಂಕಯ್ಯ ಬಾಗಿಲಲ್ಲಿ ನೆರೆದಿದ್ದ ಗುಂಪಿನತ್ತ ತಿರುಗಿದ. "ನಿಂಬೆಹಣ್ಣಿನ ದಾರಕ್ಕೂ ಒಂದು ಸುತ್ತು ಜಾಸ್ತಿ ಐತೆ. ನೂಲು ತೆಗೆಯೋ ಕೈ ಯಾವುದನ್ನೂ ಒಂದೇ ಸುತ್ತಿಗೆ ಬುಡಾಕಿಲ್ಲ. ಪೂಜೆಗೆ ಡಬ್ಬ ಒರೆಸಿದ್ದು ಯಾರು, ಕೆಂಚಮ್ಮಾ?"

ಕೆಂಚಮ್ಮ ತಲೆ ಮೇಲೆ ಕೈ ಹೊತ್ತಳು.

"ನಾನೇ ಕಣಪ್ಪೋ! ಎಲ್ಲ ಆಫ್ ಮಾಡಿ, ಮುಚ್ಚಳ ತೆಗ್ದು ಒರೆಸ್ತಿದ್ದೆ. ಉಂಗುರ ಬಿಚ್ಕಂತು. ಹಾಕುದ್ರೆ ಲೊಡಲೊಡ ಅಂತಿತ್ತು. ಜಾರೀತು ಅಂತ ತಂತೀನ ಒಂದು ಸುತ್ತು ಸುತ್ತಿ ಕಚ್ಚಿಸ್ದೆ!"

ಅಮೂಲ್ಯ ಆ ಸುತ್ತು ಬಿಚ್ಚಿ ಡಬ್ಬ ಆನ್ ಮಾಡಿದಳು. ಒಂದು ಯಂತ್ರ ಓಡಿತು. ನಾಲ್ಕು. ಆರು! ಆಟೋ ಚಾರ್ಜಿಗೂ ಹಾಕಿದರು. ಹಸಿರು ದೀಪ ಕದಲಲಿಲ್ಲ. ಶೆಡ್ಡಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಮೂಲ್ಯಳಿಗೆ ಕುಣಿಯುವಷ್ಟು ಖುಷಿಯಾಯಿತು.

ಕೆಂಚಮ್ಮ ಮಾತ್ರ ನಗಲಿಲ್ಲ. ನೇರ ಬಾಲರಾಜುವಿನ ಮುಂದೆ ನಿಂತಳು. "ನಿನ್ನ ಕಳ್ಳ ಅಂದ್ಬುಟ್ಟೆ ಕಣ್ಲಾ ಮಗ. ತಪ್ಪಾಯ್ತು. ಏನು ದಂಡ ಹಾಕ್ತೀಯೋ ಹಾಕು."

ಬಾಲರಾಜು ಕಣ್ಣೊರೆಸಿಕೊಂಡು ಆಟೋದ ಪರದೆ ಸರಿಸಿದ. "ಹತ್ತು ಕೆಂಚಮ್ಮಕ್ಕ. ಮುಂದಿನ ಸೀಟಲ್ಲಿ ಕೂತ್ಕ. ನಾನು ಕಳ್ಳ ಅಲ್ಲ ಅಂತ ಮನೆಮನೆ ಮುಂದೂ ನೀನೇ ಕೂಗಿ ಹೇಳ್ಬೇಕು. ಊರು ಒಂದು ಸುತ್ತು ಹೋಗ್ಬರಾಣ."

ಕೆಂಚಮ್ಮ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಈಗ ಅವಳಿಗೂ ನಗು ಬಂದಿತ್ತು.

"ಒಂದು ಸುತ್ತು ಯಾವ ಮೂಲೆಗ್ಲಾ? ಎರಡು ಸುತ್ತು ಹೊಡಿ!"