ಕಡಲಹಾಸಿನ ಮೇಲೆ ಕಂಬಳಿಗಳು

“ನಿಮ್ಮ ಕಡಲು ಸೋಮಾರಿಯಾಗಿದೆ, ಡಾಕ್ಟರಮ್ಮ! ಮೂರು ದಿನದಿಂದ ಸಂಜೆ ಗಾಳಿ ಕೊರೀತಿದೆ. ಇವತ್ತು ಹಿಮ ಬಿತ್ತೋ, ನನ್ನ ಕರಬೂಜದ ಕಥೆ ಮುಗೀತು. ಹಣ್ಣಾಗೋಕೆ ಇನ್ನೂ ಹತ್ತು ದಿನ ಬೇಕು!” ಬೀಬಿಗುಲ್ ಅಜ್ಜಿ ಬಾಗಿಲಲ್ಲೇ ಶುರುಮಾಡಿದಳು.

ಅವಳು ಬೈದದ್ದು ಅರಲ್ ಸಮುದ್ರವನ್ನಲ್ಲ. ಅದು ಊರು ಬಿಟ್ಟು ಹಿಂದೆ ಸರಿದು ತಲೆಮಾರುಗಳೇ ಕಳೆದಿದ್ದವು. ಬೈಸಿಕೊಂಡದ್ದು, ಬತ್ತಿದ ಅದರ ತಳದ ಮೇಲೆ ವಿಜ್ಞಾನಿ ಡಾ. ಶಾರದಾ ಗಲಗಲಿ ಮೈಲುಗಟ್ಟಲೆ ಹಾಸಿಸಿದ್ದ ಕಪ್ಪು ‘ಕಡಲಹಾಸು’.

ಸಮುದ್ರವೆಂದರೆ ಬಚ್ಚಲಮನೆಯ ಹಂಡೆಯಿದ್ದಂತೆ. ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಂಡೆ ಬತ್ತಿದ ಮೇಲೆ ಇಲ್ಲಿ ಬೇಸಿಗೆ ಸುಡತೊಡಗಿತು, ಚಳಿ ಕಚ್ಚತೊಡಗಿತು, ಮೊದಲ ಹಿಮ ಮುಂಚೆಯೇ ಬಂದು ಎಳೆಗಾಯಿಗಳನ್ನು ಕೊಲ್ಲತೊಡಗಿತು. ಹಗಲೆಲ್ಲ ಬಿಸಿಲು ಹೀರಿ, ಸಂಜೆ ಊರಿನತ್ತ ಬೆಚ್ಚನೆಯ ಗಾಳಿ ಕಳಿಸುವ ಕಡಲಹಾಸು, ಹೋದ ಸಮುದ್ರದ ಬದಲಿ ನೌಕರ.

ಶಾರದಾ ಮಾಪಕ ನೋಡಿದರು. ಸಂಗ್ರಹವಾದ ಶಾಖ ಅರ್ಧಕ್ಕರ್ಧ ಕಡಿಮೆ! ಅಜ್ಜಿಯನ್ನು ಜೀಪಿಗೆ ಹತ್ತಿಸಿಕೊಂಡು ಹಾಸಿನತ್ತ ಓಡಿಸಿದರು.

ಊರಿನ ಕಡೆಯ ಹಾಸು ಕಾಣಲೇ ಇಲ್ಲ. ಉದ್ದಕ್ಕೂ ಕಂಬಳಿಗಳು, ನಡುನಡುವೆ ಕೂತ ಊರ ಹೆಂಗಸರು! ಆ ಕಡೆಯ ಹೆಂಗಸರು ಕಂಬಳಿ ನೇಯುವುದಿಲ್ಲ. ಉಣ್ಣೆ ಹರಡಿ, ಬಿಸಿನೀರು ಚಿಮುಕಿಸಿ, ಉರುಳಿಸಿ ಉರುಳಿಸಿ ಒತ್ತಿ, ಒಣಗಿಸುತ್ತಾರೆ. ಕೆಳಗಿನಿಂದ ಕಾವು, ಉಪ್ಪಿನ ಧೂಳಿಲ್ಲದ ನೆಲ. ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ?

“ಈ ಕೆಂಪು ಕೊಂಬಿನ ಚಿತ್ತಾರದ್ದು ಯಾರದು?”

ಅಜ್ಜಿ ಆಕಾಶ ನೋಡಿದಳು. “ನಂದು. ಒಂದೇ ಒಂದು.”

“ಎಲ್ಲರದೂ ಒಂದೊಂದೇ, ಅಜ್ಜಿ! ಈಗ ಹಾಸಿನಲ್ಲಿ ಉಳಿದ ಶಾಖ ಸಾಲದು. ನನ್ನಿಂದೇನೂ ಆಗದು.”

ಅಜ್ಜಿ ಬಗ್ಗಿ ಕಂಬಳಿಯನ್ನು ಕೆನ್ನೆಗೊತ್ತಿಕೊಂಡಳು. “ಶಾಖ ಎಲ್ಲೂ ಹೋಗಿಲ್ಲ ಕಣಮ್ಮ, ಇದರೊಳಗೇ ಕೂತಿದೆ. ಏಯ್, ಏಳ್ರೇ! ಎಲ್ಲ ಹೊಲಕ್ಕೆ ಹೊರಿ!”

ಹೊತ್ತು ಮುಳುಗುವಷ್ಟರಲ್ಲಿ ಊರಿನ ಕರಬೂಜಗಳೆಲ್ಲ ಒಂಟೆಗಳ ಮೇಲೆ ಹೇರಿ ತಂದ ಕಂಬಳಿ ಹೊದ್ದು ಮಲಗಿದ್ದವು.

ಬೆಳಿಗ್ಗೆ ಕಂಬಳಿಗಳ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಅಜ್ಜಿ ಒಂದರ ಅಂಚೆತ್ತಿ ಕೈ ತೂರಿಸಿದಳು. ಬಳ್ಳಿ ಹಸಿರಾಗಿತ್ತು, ಕಾಯಿ ಬೆಚ್ಚಗಿತ್ತು. ಶಾರದಾ ಉಸಿರುಬಿಟ್ಟರು.

“ಇನ್ನು ಹತ್ತು ದಿನ ಹಾಸಿನ ಮೇಲೆ ಒಂದು ಕರವಸ್ತ್ರವೂ ಇರಕೂಡದು.”

“ಖಂಡಿತ ಇಲ್ಲ. ಆದರೆ ಹಿಮ ಕರಗಿ ಇವೆಲ್ಲ ಒದ್ದೆಯಾಗ್ತಿವೆಯಲ್ಲ, ಎಲ್ಲಿ ಒಣಗಿಸೋಣ?”

ಶಾರದಾ ಬೇರೆ ಜಾಗ ತೋರಿಸಲು ಕೈಯೆತ್ತುವಷ್ಟರಲ್ಲೇ, ಬೆನ್ನ ತುಂಬ ಕಂಬಳಿ ಹೇರಿಕೊಂಡ ಮೊದಲ ಒಂಟೆ ಯಾರೂ ಹೇಳದೆಯೇ ಕಡಲಹಾಸಿನ ದಾರಿ ಹಿಡಿಯಿತು.