ರಿಪೋರ್ಟ್ ಬರುವ ಹಿಂದಿನ ದಿನ

ಮೂರು ದಿನ ಬಾಯಿ ಬಿಡದೆ, ಒಂದು ಬೆರಳೆತ್ತಿ ತೋರಿಸಿ ಟಿಕೆಟ್ ತೆಗೆದುಕೊಂಡೆ. ನಾಲ್ಕನೆಯ ದಿನ ಬುಕಿಂಗ್ ಕ್ಲರ್ಕ್ ಕೋದಂಡರಾಮ ಟಿಕೆಟ್ ಕೊಡದೆ ಕಿಂಡಿಯೊಳಗೇ ಹಿಡಿದುಕೊಂಡು ಕೂತ.

"ಏಮಂಡಿ ಟೀಚರ್, ನನ್ಮೇಲೆ ಕೋಪಾನಾ?"

ಅವನು ಶ್ರೀನಿವಾಸಪುರದ ಕಡೆಯವನು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಕೋಪವಲ್ಲ, ಗಂಟಲು ಎಂದೆ. ನನ್ನ ದನಿ ಬಿರುಕು ಬಿಟ್ಟ ಗಡಿಗೆ ತಟ್ಟಿದಂತಿತ್ತು. ಅವನ ನಗು ಅಲ್ಲೇ ನಿಂತಿತು.

ಅದು ಎಂಬತ್ತೊಂದನೆಯ ಇಸವಿ. ಟೇಕಲ್‌ನಿಂದ ಮಾಲೂರಿನ ಪ್ರೈಮರಿ ಸ್ಕೂಲಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಸೀಸನ್ ಪಾಸ್ ಮಾಡಿಸಿರಲಿಲ್ಲ. ಪಾಸ್ ಇದ್ದವರಿಗೆ ಕಿಂಡಿಯ ಹತ್ತಿರ ಏನು ಕೆಲಸ? ಅವನೂ ಒಂದು ದಿನ ಪಾಸ್ ಮಾಡಿಸಿ ಎನ್ನಲಿಲ್ಲ. ಚಿಲ್ಲರೆ ಹುಡುಕುವ ನೆಪದಲ್ಲಿ ನಿಧಾನ ಮಾಡುತ್ತಿದ್ದ, ಕಣ್ಣು ಮಾತ್ರ ನನ್ನ ಮುಡಿಯ ಹೂವಿನ ಮೇಲಿರುತ್ತಿತ್ತು. ನಮ್ಮ ನಡುವೆ ಇದ್ದದ್ದು ಅಷ್ಟೇ. ಅಷ್ಟಕ್ಕೇ ನನಗೆ ಭಾನುವಾರ ಬಂದರೆ ಬೇಜಾರು.

ಗಂಟಲು ಸರಿಹೋಗಲಿಲ್ಲ. ಸೀಮೆಸುಣ್ಣದ ಧೂಳು ಎಂದು ಊರಿನ ಡಾಕ್ಟರು ಮಾತ್ರೆ ಕೊಟ್ಟರು, ಸೂಜಿ ಚುಚ್ಚಿದರು. ಕಿರುನಾಲಿಗೆ ಬಿದ್ದಿದೆ ಎಂದು ಅಮ್ಮ ನೆತ್ತಿಯ ಕೂದಲು ಹಿಡಿದೆಳೆದಳು. ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ. ನಾಲ್ಕು ತಿಂಗಳಾಯಿತು. ನುಂಗುವಾಗ ಏನೋ ಅಡ್ಡ ಸಿಕ್ಕಂತಾಗುತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಎಂದು ಕೋದಂಡರಾಮ ದಿನಾ ಹೇಳುತ್ತಿದ್ದ. ಅಪ್ಪ ಕದಿರಪ್ಪ ಒಪ್ಪಲಿಲ್ಲ. ಮುಳಬಾಗಿಲಿನಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ದೊಡ್ಡಾಸ್ಪತ್ರೆಗೆ ಹೋದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ಮದುವೆಯಾಗಲಿ, ಆಮೇಲೆ ಗಂಡನೇ ತೋರಿಸಲಿ ಎಂದುಬಿಟ್ಟರು.

ಅವರು ಬಂದದ್ದು ಸೋಮವಾರ. ನನ್ನ ದನಿ ಅವರ ಕಿವಿಗೆ ಬೀಳಬಾರದೆಂದು ಅಮ್ಮ, ಹುಡುಗಿಗೆ ಸೋಮವಾರ ಮೌನವ್ರತ ಎಂದಳು. ಗಂಡಿನ ತಾಯಿ ಕೈಮುಗಿದೇಬಿಟ್ಟರು. ಈ ಕಾಲದಲ್ಲಿ ಇಂಥ ಹುಡುಗಿ ಎಲ್ಲಿ ಸಿಗುತ್ತಾಳೆ, ಇವತ್ತೇ ತಾಂಬೂಲ ಬದಲಾಯಿಸಿಕೊಳ್ಳೋಣ ಎಂದರು. ನನಗೆ ನಗು ಬಂತು, ಹಿಂದೆಯೇ ಭಯ ಬಂತು. ಈ ಸುಳ್ಳನ್ನು ಇನ್ನೆಷ್ಟು ದಿನ ಕಾಪಾಡಬೇಕೋ, ಗಂಟಲೊಳಗಿರುವುದು ಅಷ್ಟು ದಿನ ಸುಮ್ಮನಿರುತ್ತದೋ ಇಲ್ಲವೋ. ಅಪ್ಪ ತಾಂಬೂಲದ ತಟ್ಟೆ ಎತ್ತುವಾಗ ಬಾಯಿ ತೆರೆದೆ.

"ವ್ರತ ಏನೂ ಇಲ್ಲಮ್ಮ. ನಾಲ್ಕು ತಿಂಗ್ಳಿಂದ ನನ್ನ ದನಿ ಹಿಂಗೇ ಇದೆ. ಏನಾಗಿದೆ ಅಂತ ಗೊತ್ತಾಗ್ದೆ ನಾನು ಯಾರ್ಮನೆಗೂ ಬರಲ್ಲ."

ಅವರು ಕಾಫಿ ಮುಟ್ಟದೆ ಎದ್ದರು. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ಬೆಳಿಗ್ಗೆ ಮಡಿಚಿಟ್ಟ ಪಂಚೆ ಉಟ್ಟು, ನಡಿಯಮ್ಮ ಬೆಂಗಳೂರಿಗೆ ಎಂದರು.

ಅಲ್ಲಿನ ಡಾಕ್ಟರು ಗಂಟಲೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದರು. ಒಂದು ಗಂಟಿತ್ತು. ಮರುದಿನ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಥ ಗಂಟೆಂದು ಮುಂದಿನ ಗುರುವಾರ ತಿಳಿಯುತ್ತದೆ, ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು ಎಂದರು.

ಸ್ಕೂಲಿಗೆ ರಜೆ ಹಾಕಿದೆ. ರೈಲು ಕೂಗಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದೆ. ಗಂಟಿನ ಭಯಕ್ಕಿಂತ ಅವನನ್ನು ನೋಡದ ಸಂಕಟವೇ ಹೆಚ್ಚಾಗಿತ್ತು. ಬುಧವಾರ ತಡೆಯಲಾರದೆ ಸ್ಟೇಷನ್ನಿಗೆ ಹೋದೆ.

ಕೋದಂಡರಾಮ ಕಿಂಡಿ ಬಿಟ್ಟು ಪ್ಲಾಟ್‌ಫಾರಂಗೆ ಬಂದ. ಒಂದು ವರ್ಷದಲ್ಲಿ ಮೊದಲ ಸಲ ಅವನನ್ನು ಪೂರ್ತಿ ನೋಡಿದೆ. ನಾನಂದುಕೊಂಡದ್ದಕ್ಕಿಂತ ಕುಳ್ಳ, ಕಾಲಲ್ಲಿ ಹವಾಯಿ ಚಪ್ಪಲಿ. ಆ ಚಪ್ಪಲಿಯ ಮೇಲೂ ಪ್ರೀತಿ ಬಂತು.

"ನಾಳೆ ರಿಪೋರ್ಟ್ ಅಂತ ನಿಮ್ಮಪ್ಪ ಹೇಳಿದ್ರು. ಬಂದ್ಮೇಲೆ ಕೇಳಿದ್ರೆ, ಒಳ್ಳೇದಾಯ್ತು ಅಂತ ಕೇಳ್ದ ಅಂತೀರಿ. ಇಲ್ಲಾಂದ್ರೆ, ಪಾಪ ಅಂತ ಕೇಳ್ದ ಅಂತೀರಿ. ಅದಕ್ಕೇ ಇವತ್ತು ಕೇಳ್ತಿದ್ದೀನಿ. ನನ್ನ ಮದ್ವೆ ಆಗ್ತೀರಾ ಅನಸೂಯಾ?"

ಡಾಕ್ಟರ ಮಾತು ನೆನಪಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ಆದರೆ ನಾಳೆ ಏನೆಂದು ಯಾರಿಗೆ ಗೊತ್ತು. ಇದೊಂದನ್ನಾದರೂ ಅವನು ನನ್ನ ದನಿಯಲ್ಲೇ ಕೇಳಬೇಕಿತ್ತು.

"ಆಗ್ತೀನಿ," ಎಂದೆ.