ಅಪ್ಪನ ಸಣ್ಣ ಬ್ರೇಕು

“ಎಡಗಾಲಿನ ಶೂ ಸಲೀಸಾಗಿ ಒಳಗೆ ಹೋಯಿತು, ವೀಕ್ಷಕರೇ. ಆದರೆ ಬಲಗಾಲಿನ ಶೂ ಮಂಚದಡಿ ತಲೆಮರೆಸಿಕೊಂಡಿದೆ. ಓಹೋಹೋ, ಲೇಸು ಬೇರೆ ಗಂಟಾಗಿದೆ. ಇನ್ನೂ ಸ್ವಲ್ಪ ಜೋರಾಗಿ ಓಡಬಹುದಿತ್ತು, ಏನಂತೀರಿ?”

“ಅಪ್ಪಾ, ನಾನಿನ್ನೂ ಎದ್ದೇ ನಿಂತಿಲ್ಲ,” ಎಂದಳು ಮಗಳು, ಮಂಚದಡಿಯಿಂದಲೇ.

ಅಪ್ಪನ ಕೆಲಸ ಟೀವಿಯಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುವುದು. ಮನೆಗೆ ಬಂದರೂ ಅವನ ಬಾಯಿಗೆ ರಜೆಯಿಲ್ಲ. ಮಗಳಿಗೂ ಅದೇ ಅಂಟಿತ್ತು. ಹೆಡ್‌ಮಿಸ್‌ನಿಂದ ಹಿಡಿದು ನೀರಿನ ಮೋಟರಿನವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದಳು. ಕ್ಲಾಸಿನವರು ಅವಳಿಗಿಟ್ಟ ಹೆಸರು ‘ರೇಡಿಯೋ’. ಇವತ್ತು ಸ್ಕೂಲಿನಲ್ಲಿ ಸ್ಪೋರ್ಟ್ಸ್ ಡೇ. ಮೈಕು ಅವಳ ಕೈಗೇ.

“ಅಪ್ಪಂದಿರ ಓಟಕ್ಕೆ ಬರ್ತೀಯ ತಾನೇ? ಹೋದ್ಸಲ ಕೈಕೊಟ್ಟೆ.”

“ಇವತ್ತು ಎರಡು ಮ್ಯಾಚ್ ಇದೆ ಕಣೇ. ಮಧ್ಯೆ ಬಿಡುವು. ಬಂದೇ ಬರ್ತೀನಿ.” ಬಾಗಿಲು ದಾಟುವಾಗ ಅಪ್ಪ ಎಂದಿನಂತೆ ಟೀವಿ ದನಿ ತೆಗೆದ. “ಈಗ ಸಣ್ಣದೊಂದು ಬ್ರೇಕ್. ಎಲ್ಲೂ ಹೋಗಬೇಡಿ.”

ಆ ಸಣ್ಣ ಬ್ರೇಕು ಎಷ್ಟುದ್ದ ಅಂತ ರೇಡಿಯೋಗೆ ಚೆನ್ನಾಗಿ ಗೊತ್ತು. ಅದು ಮುಗಿಯುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಮೈದಾನ ಗಿಜಿಗುಡುತ್ತಿತ್ತು. ಅಪ್ಪಂದಿರು ಪ್ಯಾಂಟು ಮಡಚಿ ಗೆರೆಯ ಮೇಲೆ ನಿಂತಿದ್ದರು: ಟೈಲರ್ ಅಪ್ಪ, ಡಾಕ್ಟರ್ ಅಪ್ಪ, ಬಸ್ ಓಡಿಸುವ ಅಪ್ಪ. ರೇಡಿಯೋ ಕಣ್ಣು ಮಾತ್ರ ಗೇಟಿನ ಮೇಲೆ.

“ಸರ್, ಒಂದೇ ನಿಮಿಷ.”

“ನಿನ್ನ ಒಂದು ನಿಮಿಷಕ್ಕೆ ಗಡ್ಡ ಬಂತಲ್ಲಮ್ಮಾ,” ಎಂದು ಪಿ.ಟಿ. ಸರ್ ಪೀಪಿ ಊದಿಯೇಬಿಟ್ಟರು.

ಅಪ್ಪಂದಿರು ದಡಬಡ ಓಡಿದರು. “ಓಟ ಶುರುವಾಗಿದೆ,” ಎಂದಳು ರೇಡಿಯೋ. ದನಿ ಉಪ್ಪಿಲ್ಲದ ಸಾರಿನಂತಿತ್ತು.

ಅಷ್ಟರಲ್ಲಿ ಗೇಟಿನಿಂದ ಒಂದು ನೀಲಿ ಕೋಟು ನುಗ್ಗಿತು. ಟೈ ಹೆಗಲ ಮೇಲೆ ಹಾರುತ್ತಿತ್ತು. ಎಲ್ಲೂ ನಿಲ್ಲದೆ ಸೀದಾ ಟ್ರ್ಯಾಕಿಗೇ ಇಳಿಯಿತು.

ರೇಡಿಯೋಗೆ ಕರೆಂಟು ಬಂತು. ಥೇಟ್ ಅಪ್ಪನ ದನಿಯನ್ನೇ ತೆಗೆದಳು.

“ಓಹೋಹೋ, ಇದೇನಿದು, ವೀಕ್ಷಕರೇ. ಎಲ್ಲರೂ ಓಟ ಮುಗಿಸುವಾಗ ಒಬ್ಬರು ಶುರು ಮಾಡುತ್ತಿದ್ದಾರೆ. ಹೊಟ್ಟೆ ಮುಂದೆ, ಕಾಲು ಹಿಂದೆ. ಅಗೋ, ಬಸ್ ಅಪ್ಪ ಗೆದ್ದರು. ನೀರನ್ನೂ ಕುಡಿದರು. ಇವರು ಬರುತ್ತಿದ್ದಾರೆ, ಬರುತ್ತಲೇ ಇದ್ದಾರೆ. ಇನ್ನೂ ಸ್ವಲ್ಪ ಜೋರಾಗಿ ಓಡಬಹುದಿತ್ತು, ಏನಂತೀರಿ?”

ಮೈದಾನ ಘೊಳ್ಳೆಂದಿತು. ಅಪ್ಪ ಗೆರೆ ದಾಟಿ, ಮೈಕಿನ ಮುಂದೆ ಮಂಡಿ ಹಿಡಿದು ನಿಂತ.

ಆಗ ರೇಡಿಯೋ ಅವನನ್ನು ಹತ್ತಿರದಿಂದ ನೋಡಿದಳು. ಟೀವಿಗೆಂದು ಹಚ್ಚಿದ ಪೌಡರು ಬೆವರಿನಲ್ಲಿ ಇಳಿದು ಮುಖವೆಲ್ಲ ಪಟ್ಟೆಪಟ್ಟೆಯಾಗಿತ್ತು. ಸ್ಟುಡಿಯೋದವರು ಕಿವಿಯಲ್ಲಿ ಮಾತಾಡಲು ಸಿಕ್ಕಿಸುವ ವೈರು ಕಾಲರಿನಿಂದ ಜೋತಾಡುತ್ತಿತ್ತು. ಅದನ್ನು ಬಿಚ್ಚಲೂ ಅವನಿಗೆ ಪುರಸೊತ್ತಾಗಿರಲಿಲ್ಲ.

ಅಪ್ಪನ ಓಟ ಆ ಗೇಟಿನಿಂದ ಶುರುವಾದದ್ದಲ್ಲ.

“ಇನ್ನೊಂದು ಮ್ಯಾಚ್…” ಎಂದ ಅಪ್ಪ, ಏದುಸಿರಿನಲ್ಲಿ.

“ಗೊತ್ತು, ಬಗ್ಗು.” ರೇಡಿಯೋ ವೈರನ್ನು ಅವನ ಕಿವಿಗೆ ಸಿಕ್ಕಿಸಿದಳು. ಆಮೇಲೆ ಮೈಕಿಗೆ ಬಾಯಿಟ್ಟಳು. “ಕೊನೇ ಓಟಗಾರರಿಗೆ ಈಗ ಸಣ್ಣದೊಂದು ಬ್ರೇಕ್. ನಾವು ಎಲ್ಲೂ ಹೋಗಲ್ಲ. ನೀವು ಹೋಗಿಬನ್ನಿ.”

ಮಕ್ಕಳು, ಅಪ್ಪಂದಿರು, ಪಿ.ಟಿ. ಸರ್, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೂ ಗೇಟಿನತ್ತ ಓಡುತ್ತಿದ್ದ ನೀಲಿ ಕೋಟಿನ ನಗುವೇ ಜೋರಾಗಿ ಕೇಳಿಸುತ್ತಿತ್ತು, ಮೈಕೇ ಇಲ್ಲದೆ.